ಸೊಟ್ಟಿಗೆ ಊರು ಸೇರಿಸಿದ ರಾಮಾತಾಳಕ್ಕ

ಹುರುಳಿ ಕಾಳನ್ನು ಮೊರಕ್ಕೆ ಸುರಿದರೆ ಒಂದು ಸದ್ದು ಬರುತ್ತದಲ್ಲ, ಜಿಂಕೆ ಹಿಕ್ಕೆ ಹಾಕಿದಾಗ ಹಾಗೇ ಕೇಳಬೇಕಂತೆ. ಆಗ ಹೊಟ್ಟೆ ಚೆನ್ನಾಗಿದೆ ಅಂತ ಅರ್ಥ. ಸದ್ದು ಮೆತ್ತಗಾದರೆ ಅವತ್ತಿನಿಂದಲೇ ಕಣ್ಣಿಡಬೇಕು. ಸದ್ದೇ ಬರದಿದ್ದರೆ ಡಾಕ್ಟರನ್ನು ಕೂಗಬೇಕು. ಇದು ರಾಮಾತಾಳಕ್ಕನ ಶಾಸ್ತ್ರ. ಐದು ವರ್ಷ ಪಶುವೈದ್ಯಕೀಯ ಓದಿ, ಅದರ ಮೇಲೆ ಇನ್ನೆರಡು ವರ್ಷ ಕಾಡುಪ್ರಾಣಿಗಳ ಬಗ್ಗೆಯೇ ಓದಿ ಬಂದಿದ್ದ ನನ್ನನ್ನು ಬೆಳಗ್ಗೆ ಆರೂವರೆಗೆ ಬೇಲಿಯ ಪಕ್ಕ ಕಣ್ಣು ಮುಚ್ಚಿಸಿ ನಿಲ್ಲಿಸಿ, "ನೋಡಬ್ಯಾಡ ಅಮ್ಮಣಿ, ಕೇಳು" ಅಂತ ಪಾಠ ಮಾಡಿದವರು ಅವರು. ನಿಂತೆ. ನನಗೆ ಕೇಳಿದ್ದು ತೆಂಗಿನ ಗರಿಗಳ ಸದ್ದು ಮಾತ್ರ.

ನಾನು ಭೂಮಿ, ಚಳ್ಳಕೆರೆಯವಳು. ಆನೈಮಲೈ ಹತ್ತಿರ ತೆಂಗಿನ ತೋಟಗಳ ನಡುವೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಚಿಕ್ಕ ಜಿಂಕೆ ಉದ್ಯಾನಕ್ಕೆ ವೈದ್ಯೆಯಾಗಿ ಬಂದಾಗ ನನಗೆ ಇಪ್ಪತ್ತೊಂಬತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲೇ ಇದೆ. ತಮಿಳು ಅಷ್ಟಕ್ಕಷ್ಟೇ. ಬಂದ ಮೊದಲ ವಾರವೇ ಹೊಟ್ಟೆ ಕೆಟ್ಟು ಹೋಗಿ, ಹುಲ್ಲಿನ ಶೆಡ್ಡಿನ ಹಿಂದೆ ನಿಂತು ಅಮ್ಮನಿಗೆ ಫೋನ್ ಮಾಡಿ ಗೋಳು ಹೊಯ್ದುಕೊಂಡೆ. "ಅಮ್ಮಾ, ಇಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಸುರೀತಾರೆ. ನನ್ನ ಮಾತು ಒಬ್ಬರಿಗೂ ಅರ್ಥ ಆಗಲ್ಲ. ಆ ಕಸ ಗುಡಿಸೋ ಹೆಂಗಸಂತೂ ನನ್ನನ್ನ ತಿನ್ನೋ ಹಾಗೆ ನೋಡ್ತಾಳೆ."

"ನೋಡ್ದೆ ಏನ್ ಮಾಡ್ಲಿ?" ಅಂತ ಹಿಂದಿನಿಂದ ಒಂದು ದನಿ ಬಂತು. ತಮಿಳಿನ ರಾಗ, ಮಾತು ಮಾತ್ರ ಅಚ್ಚ ಕನ್ನಡ. "ನಾಕು ದಿನದಿಂದ ಮುಖ ಬಿಳ್ಚ್‌ಕೊಂಡು ಓಡಾಡ್ತಾ ಇದೀಯ. ವಯಿರು, ಅದೇ ಹೊಟ್ಟೆ, ಸರಿ ಇಲ್ವಾ ಕಣ್ಣು?"

ನಾಚಿಕೆಯಿಂದ ಸತ್ತೇ ಹೋದೆ. ಪೊರಕೆ ಹಿಡಿದು ನಿಂತಿದ್ದ ಆ ಹೆಂಗಸೇ ರಾಮಾತಾಳಕ್ಕ. ಅವರ ಕಡೆಯವರು ಎಷ್ಟೋ ತಲೆಮಾರಿನಿಂದ ಅಲ್ಲಿಯ ರೈತರು. ಹೊಲದಲ್ಲಿ, ಸಂತೆಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಕನ್ನಡದ ಒಂದು ಅಕ್ಷರವನ್ನೂ ಓದಲು ಬರದು. ಮಾರನೇ ದಿನ ತೂಕುಪಾತ್ರೆಯಲ್ಲಿ, ಅಂದರೆ ಹಿಡಿಯಿರುವ ಊಟದ ಡಬ್ಬಿಯಲ್ಲಿ, ಹಿಂದಿನ ದಿನದ ಅನ್ನವನ್ನು ನೀರಲ್ಲಿ ನೆನೆಸಿ, ಮಜ್ಜಿಗೆ ಬೆರೆಸಿ, ನಾಲ್ಕು ಸಣ್ಣೀರುಳ್ಳಿ ಹಾಕಿ ತಂದರು. "ಮೂರು ದಿನ ಕುಡಿ. ಹೊಸ ಊರಿಗೆ ಬಂದೋರಿಗೆ ಬಾಯಿ ಸೇರಿದ್ರೆ ಸಾಲ್ದು, ಹೊಟ್ಟೆ ಸೇರ್ಬೇಕು" ಅಂದರು. ಮೂರನೇ ದಿನಕ್ಕೆ ಹೊಟ್ಟೆ ನೆಟ್ಟಗಾಯಿತು. ಆ ಹುಳಿ ಅನ್ನದಲ್ಲಿ ಏನಿರುತ್ತದೆ ಅಂತ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು ನಾನು. ಅವತ್ತು ಆ ಓದೆಲ್ಲ ಎಲ್ಲಿ ಹೋಗಿತ್ತೋ!

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಗಾದೆಯ ಮೊದಲರ್ಧವಷ್ಟೇ ರಾಮಾತಾಳಕ್ಕನಿಗೆ ಗೊತ್ತಿತ್ತು. ಎರಡನೆಯದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದಕ್ಕೇ ನಮಗಿಬ್ಬರಿಗೂ ಹೊಂದಿಕೊಂಡಿತು. ಅಕ್ಕ ಹುಟ್ಟಿದ್ದು ಮಡತ್ತುಕುಳಂ ಹತ್ತಿರ, ಅಮರಾವತಿ ಹೊಳೆಯ ಕಾಲುವೆ ಪಕ್ಕದ ಮನೆಯಲ್ಲಿ. ಹತ್ತೊಂಬತ್ತಕ್ಕೆ ಆನೈಮಲೈ ಪಕ್ಕದ ಹಳ್ಳಿಯ ಕುಪ್ಪಸಾಮಿಯವರ ಕೈ ಹಿಡಿದು ಬಂದರು. ಗಂಡನಿಗೆ ಎರಡೆಕರೆ ತೆಂಗು, ಒಂದು ಕಾಂಗೇಯಂ ತಳಿಯ ಹಸು. ಉದ್ಯಾನಕ್ಕೆ ಕಸ ಗುಡಿಸಲು ಸೇರಿದ್ದು ಇಪ್ಪತ್ತೆರಡು ವರ್ಷದ ಹಿಂದೆ. ಗುಡಿಸುತ್ತ ಗುಡಿಸುತ್ತ ಹಿಕ್ಕೆ ನೋಡಿ, ಸದ್ದು ಕೇಳಿ, ಯಾವ ಜಿಂಕೆಗೆ ಏನಾಗಿದೆ ಅಂತ ಹೇಳತೊಡಗಿದರು. ಹೇಳಿದ್ದೆಲ್ಲ ನಿಜವಾಗತೊಡಗಿದ ಮೇಲೆ ಮ್ಯಾನೇಜರ್ ಶರವಣನ್ ಅವರನ್ನೇ ಜಿಂಕೆಗಳ ಮೇಲ್ವಿಚಾರಕಿ ಮಾಡಿದರು. ಬಿರುದು ಸಿಕ್ಕಿದರೂ ಪೊರಕೆಯನ್ನು ಬಿಡಲಿಲ್ಲ. ಪೊರಕೆ ಬಿಟ್ಟರೆ ಕಿವಿ ಕೆಲಸ ಮಾಡಲ್ಲ ಅನ್ನುತ್ತಿದ್ದರು.

ನಾನು ಬಂದ ವರ್ಷವೇ ಉದ್ಯಾನವನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಮೂವತ್ತೆಂಟು ಚುಕ್ಕೆ ಜಿಂಕೆಗಳನ್ನೂ ಬೆಟ್ಟದ ಬುಡದ ಕಾಡಿಗೆ ಬಿಡಬೇಕು. ಕೇಳಲು ಬಹಳ ಚೆಂದ. ಆದರೆ ಈ ಜಿಂಕೆಗಳು ಕಾಡು ಕಂಡವಲ್ಲ. ತಲೆಮಾರುಗಟ್ಟಲೆ ತವುಡು, ಕೊಬ್ಬರಿ ಹಿಂಡಿ, ಎಲೆಕೋಸು ತಿಂದು ಬೆಳೆದವು. ಅಮಾವಾಸ್ಯೆಗೆ ಮಾಸಾಣಿ ಅಮ್ಮನ ಗುಡಿಗೆ ಬಂದವರು ಹೋಗುವಾಗ ಇಲ್ಲಿ ಇಳಿದು, ಬೇಲಿಯ ಸಂದಿಯಿಂದ ಸಿಹಿ ಪೊಂಗಲ್ ತುರುಕುತ್ತಿದ್ದರು. "ಅಮ್ಮನ್ಗೆ ಕೊಟ್ಟಿದ್ದು ಅಮ್ಮನ್ಗೆ ಆಯ್ತು. ಇವುಕ್ಕೆ ಯಾಕೆ? ನಾಳೆ ಹೊಟ್ಟೆ ಉಬ್ರಿದ್ರೆ ನೀವ್ ಬಂದು ಒತ್ತೀರಾ?" ಅಂತ ರಾಮಾತಾಳಕ್ಕ ತಮಿಳಿನಲ್ಲಿ ಕೂಗಾಡಿ, ಭಕ್ತರನ್ನು ಪೊರಕೆ ತೋರಿಸಿ ಓಡಿಸುತ್ತಿದ್ದರು.

ಜಿಂಕೆ ಹುಲ್ಲನ್ನು ತಾನೇ ಅರಗಿಸುವುದಿಲ್ಲ. ಅದರ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ಅವು ಹುಲ್ಲನ್ನು ಕೊಳೆಸಿ, ಮುರಿದು, ಜಿಂಕೆಗೆ ದಕ್ಕುವಂತೆ ಮಾಡುತ್ತವೆ. ತವುಡು ತಿನ್ನುವ ಹೊಟ್ಟೆಯಲ್ಲಿ ಒಂದು ಬಗೆಯ ಜೀವಿಗಳು, ಒರಟು ಕಾಡುಹುಲ್ಲು ತಿನ್ನುವ ಹೊಟ್ಟೆಯಲ್ಲಿ ಇನ್ನೊಂದು ಬಗೆ. ಆಹಾರವನ್ನು ಒಮ್ಮೆಲೇ ಬದಲಿಸಿದರೆ ಭೇದಿ, ಉಬ್ಬರ, ಕೊನೆಗೆ ಸಾವು. ಅದಕ್ಕೆ ಹತ್ತು ವಾರದ ಯೋಜನೆ ಹಾಕಿದೆ. ದಿನ ದಿನಕ್ಕೆ ತವುಡು ಇಳಿಸುವುದು, ಬೆಟ್ಟದ ಹುಲ್ಲು ಏರಿಸುವುದು, ಜೊತೆಗೆ ಒಳ್ಳೆಯ ಸೂಕ್ಷ್ಮಜೀವಿಗಳ ಪ್ರೋಬಯಾಟಿಕ್ ಪೌಡರ್ ಕೊಡುವುದು. ನವೆಂಬರಿನಲ್ಲಿ ಅರಣ್ಯ ಇಲಾಖೆಯ ವೈದ್ಯೆ ಜಯಪ್ರಿಯಾ ಬಂದು ತಪಾಸಣೆ ಮಾಡುತ್ತಾರೆ. ಅವತ್ತು ಯಾವ ಜಿಂಕೆಯ ಹೊಟ್ಟೆ ಸರಿಯಿಲ್ಲವೋ ಅದು ಕಾಡಿಗಿಲ್ಲ. ಅದನ್ನು ಲಾರಿ ಹತ್ತಿಸಿ ರಾಜ್ಯದ ಇನ್ನೊಂದು ಮೂಲೆಯ ಮೃಗಾಲಯಕ್ಕೆ ಕಳಿಸಬೇಕು.

"ಒಂಟಿಯಾಗಾ?" ಅಂತ ರಾಮಾತಾಳಕ್ಕ ಕೇಳಿದರು.

"ಒಂದೇ ಉಳಿದ್ರೆ ಒಂಟಿಯಾಗೇ."

"ಒಂಟಿ ಜಿಂಕೆ ಲಾರಿ ಹತ್ತಿದ್ರೆ ಇಳಿಯಲ್ಲ ಅಮ್ಮಣಿ. ಹೆಣ ಇಳಿಸ್ತಾರೆ. ಮೂವತ್ತೆಂಟೂ ಹೋಗ್ತಾವೆ, ಬರ್ದು ಇಟ್ಕೊ" ಅಂದರು. ಹೇಳುವಾಗ ಅವರ ಕಣ್ಣು ಸೊಟ್ಟಿಯ ಮೇಲಿತ್ತು.

ಸೊಟ್ಟಿ ಅಂದರೆ ಒಂಬತ್ತು ವರ್ಷದ ಹೆಣ್ಣು ಜಿಂಕೆ. ಹುಟ್ಟುವಾಗಲೇ ಎಡಗಿವಿ ಸೊಟ್ಟ. ತಾಯಿ ಹೆರಿಗೆಯಲ್ಲೇ ಸತ್ತಾಗ ರಾಮಾತಾಳಕ್ಕ ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿ ಸಾಕಿದ್ದರು. ನಾಲಿಗೆಯಿಂದ ಟಕ್ ಟಕ್ ಅನ್ನಿಸಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಮುದ್ದು ಜಾಸ್ತಿಯಾಗಿ ಟೀ ಅಂಗಡಿಯ ಬನ್ ತಿನ್ನುವುದನ್ನು ಕಲಿತಿದ್ದಳು. ಅದು ರಾಮಾತಾಳಕ್ಕನೇ ಕಲಿಸಿದ್ದು. ಬೇರೆಯವರು ಕೊಟ್ಟರೆ ಪೊರಕೆ, ತಾನು ಕೊಟ್ಟರೆ ಪ್ರೀತಿ. ನಾನು ಅದನ್ನು ಹೇಳಿದರೆ, "ತಾಯಿಗೆ ಒಂದು ಕಾಯ್ದೆ ಬೇರೆ" ಅಂತ ಮುಖ ತಿರುಗಿಸುತ್ತಿದ್ದರು.

ಎರಡು ವಾರ ಕಳೆದವು. ಪೌಡರ್ ಕೊಟ್ಟರೂ ಹಿಂಡಿಗೆ ಹಿಂಡೇ ಹೊಟ್ಟೆ ಸಡಿಲ. ಹನ್ನೊಂದು ಜಿಂಕೆಗಳಿಗೆ ಭೇದಿ. ನನಗೆ ತಲೆ ಕೆಟ್ಟು ಹೋಯಿತು. ಪೌಡರ್ ಕಂಪನಿಗೆ ಎರಡು ಸಲ ಫೋನ್ ಮಾಡಿ ಬೈದೆ. ಹದಿನಾರನೇ ದಿನ ಬೆಳಗ್ಗೆ ಸ್ವಲ್ಪ ಬೇಗ ಹೋದೆ. ಶೆಡ್ಡಿನಲ್ಲಿ ರಾಮಾತಾಳಕ್ಕ ದೊಡ್ಡ ಪಾತ್ರೆಯಲ್ಲಿ ಸಜ್ಜೆ ಗಂಜಿ ಕುದಿಸಿ, ಒಲೆಯಿಂದ ಇಳಿಸಿ, ಹೊಗೆಯಾಡುತ್ತಿರುವಾಗಲೇ ನನ್ನ ಪೌಡರನ್ನು ಸುರಿದು ಸೌಟಿನಲ್ಲಿ ತಿರುವುತ್ತಿದ್ದರು.

"ಅಯ್ಯೋ ಶಿವನೇ! ಅಕ್ಕಾ, ಏನ್ ಮಾಡ್ತಿದೀರಾ? ಅದರಲ್ಲಿ ಜೀವ ಇದೆ! ಕೋಟಿಗಟ್ಟಲೆ ಜೀವ! ಹದಿನಾರು ದಿನದಿಂದ ಎಲ್ಲಾನೂ ಬೇಯಿಸಿಬಿಟ್ರಲ್ಲ!"

ನನ್ನ ಕೂಗಿಗೆ ಬೇಲಿಯ ಆಚೆ ಜಿಂಕೆಗಳು ಓಡಿದವು. ರಾಮಾತಾಳಕ್ಕ ಸೌಟು ಹಿಡಿದು ಹಾಗೇ ನಿಂತರು. ಆಮೇಲೆ ಅವರ ದನಿಯೂ ಏರಿತು. "ಜೀವ ಅದೆ ಅಂತ ನೀ ಯಾವಾಗ ಹೇಳ್ದೆ? ಪೌಡರ್ ಅಂದೆ. ಪೌಡರ್‌ಗೆ ಯಾರಾದ್ರೂ ಜೀವ ಅದೆ ಅನ್ಕೋತಾರಾ? ಕಾಯಿಲೆ ಬಿದ್ದೋವುಕ್ಕೆ ಹಸಿ ನೀರಲ್ಲಿ ಮದ್ದು ಕೊಡೋ ಪದ್ಧತಿ ನಮ್ ಮನೇಲಿಲ್ಲ. ಕುದ್ಸಿ, ಬಿಸಿ ಬಿಸಿ ಕೊಡೋದೇ."

ಅವರು ಹೇಳಿದ್ದು ನಿಜ. ಬಿಸಿ ತಾಗಿಸಬಾರದು ಅಂತ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು. ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಬಿಸಿ ನೀರಲ್ಲಿ ಕಲಸಬೇಡಿ ಅನ್ನುವುದು ಹೇಳಬೇಕಾದ ಮಾತು ಅಂತ ನನಗೆ ಹೊಳೆದೇ ಇರಲಿಲ್ಲ. ಕೋಪ ಇಳಿದ ಮೇಲೆ ಕೂತು ವಿವರಿಸಿದೆ. ಇದು ಮದ್ದಲ್ಲ, ಒಳಗೆ ಹೋಗಿ ಬೆಳೆಯಬೇಕು, ಒಂದು ನೂರಾಗಬೇಕು, ಹಾಲು ಮೊಸರಾಗುವಾಗ ಆಗುವುದೂ ಇದೇ ಅಂದೆ.

ರಾಮಾತಾಳಕ್ಕ ಹಣೆ ಚಚ್ಚಿಕೊಂಡರು. "ಹೆಪ್ಪು! ಹೆಪ್ಪು ಅನ್ನಬಾರ್ದಿತ್ತಾ ಮೊದ್ಲೇ? ಕುದಿಯೋ ಹಾಲಿಗೆ ಹೆಪ್ಪು ಹಾಕೋ ದಡ್ಡಿ ಯಾರಿದ್ದಾಳೆ? ಏಳು ವರ್ಷ ಓದಿದಳಂತೆ!" ಆಮೇಲೆ ಖಾಲಿ ಪೊಟ್ಟಣಗಳ ಕಡೆ ತಿರುಗಿ ಗಲ್ಲ ಬಡಿದುಕೊಂಡು, "ತಪ್ಪಾಯ್ತು ಸಾಮಿ" ಅಂದರು.

ಅವತ್ತಿನಿಂದ ಪೌಡರಿಗೆ ಬಂದ ಮರ್ಯಾದೆ ನನಗೂ ಬರಲಿಲ್ಲ. ಪೊಟ್ಟಣಗಳನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿಟ್ಟರು. ಗಂಜಿ ಆರಿದ ಮೇಲೆ ಕಿರುಬೆರಳು ಅದ್ದಿ, ಮೊಸರಿಗೆ ನೋಡುವ ಹಾಗೆ ಹದ ನೋಡಿ, ಆಮೇಲೆಯೇ ಕಲಸುವುದು. ಮಡಕೆಯ ಪಕ್ಕ ಬೀಡಿ ಹಚ್ಚಿದ ಒಬ್ಬ ಹುಲ್ಲಿನ ಲಾರಿಯವನಿಗೆ ಅವರು ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಇಪ್ಪತ್ತು ದಿನಗಳಲ್ಲಿ ಮೂವತ್ತೇಳು ಜಿಂಕೆಗಳು ದಾರಿಗೆ ಬಂದವು. ಬೆಟ್ಟದ ಹುಲ್ಲನ್ನು ಕಚಕಚ ಅಗಿದು, ಮರದಡಿ ಮಲಗಿ ಮೆಲುಕು ಹಾಕತೊಡಗಿದವು. ಒಂದು ಬೆಳಗ್ಗೆ ನನಗೂ ಮೊದಲ ಸಲ ಹುರುಳಿಯ ಸದ್ದು ಕೇಳಿತು, ಕುಣಿದಾಡಿಬಿಟ್ಟೆ.

ಸೊಟ್ಟಿಯೊಬ್ಬಳು ಉಳಿದಳು. ಹುಲ್ಲನ್ನು ಮೂಸಿ ಬಿಡುವಳು. ಬಲವಂತಕ್ಕೆ ತಿಂದರೆ ನೀರು ನೀರು ಭೇದಿ. ಮೆಲುಕು ನಿಂತೇ ಹೋಯಿತು. ಪಕ್ಕೆಲುಬು ಎಣಿಸುವಂತಾಯಿತು. ಪೌಡರಿನ ಅಳತೆ ಹೆಚ್ಚಿಸಿದೆ, ಬಗೆ ಬದಲಿಸಿದೆ, ಏನೂ ಆಗಲಿಲ್ಲ. ತಪಾಸಣೆಗೆ ಹನ್ನೆರಡು ದಿನವಿತ್ತು. ರಾಮಾತಾಳಕ್ಕ ಮಾತು ಕಡಿಮೆ ಮಾಡಿದರು, ಅವರ ಮಾತು ಕಡಿಮೆಯಾದರೆ ಇಡೀ ಉದ್ಯಾನಕ್ಕೇ ಏನೋ ಆದ ಹಾಗೆ.

ಇದ್ದಕ್ಕಿದ್ದಂತೆ ಸೊಟ್ಟಿ ಚೇತರಿಸಿಕೊಂಡಳು. ಮೊದಲ ದಿನ ಮೆಲುಕು, ಮೂರನೇ ದಿನ ಗಟ್ಟಿ ಹಿಕ್ಕೆ, ಐದನೇ ದಿನ ಹುಲ್ಲಿಗೆ ಬೇರೆ ಜಿಂಕೆಗಳ ಜೊತೆ ಗುದ್ದಾಟ. ನನ್ನ ಕಾಲು ನೆಲದ ಮೇಲಿರಲಿಲ್ಲ. ರಿಜಿಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: ಹೆಚ್ಚಿಸಿದ ಅಳತೆಯ ಪ್ರೋಬಯಾಟಿಕ್ ಫಲಕಾರಿ. ನನ್ನ ಪ್ರೊಫೆಸರಿಗೆ ಫೋಟೋ ಸಮೇತ ಕಳಿಸಿದೆ. ಅಮ್ಮನಿಗೂ ಕಳಿಸಿದೆ. ಅಮ್ಮ ಜಿಂಕೆ ಹಿಕ್ಕೆಯ ಫೋಟೋ ಯಾಕೆ ಕಳಿಸಿದೆ ಅಂತ ಬೈದಳು.

ತಪಾಸಣೆಗೆ ಎರಡು ದಿನವಿರುವಾಗ ಸೊಟ್ಟಿಯ ಹಿಕ್ಕೆಯನ್ನು ನೀರಲ್ಲಿ ಕದಡಿ, ಸೋಸಿ, ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಕಾಡುಹುಲ್ಲಿನ ಸಣ್ಣ ನಾರುಗಳ ನಡುವೆ ಒಂದೆರಡು ದಪ್ಪ ಚೂರುಗಳು. ಚಳ್ಳಕೆರೆಯಲ್ಲಿ ಹುಟ್ಟಿದವಳಿಗೆ ಜೋಳದ ದಂಟು ಗೊತ್ತಾಗದೇ ಇರುತ್ತದೆಯೇ? ಉದ್ಯಾನಕ್ಕೆ ಜೋಳದ ದಂಟು ಬಂದೇ ಇರಲಿಲ್ಲ.

"ಅಕ್ಕಾ, ಸೊಟ್ಟಿಗೆ ಜೋಳದ ದಂಟು ಹಾಕಿದ್ರಾ?"

"ಇಲ್ಲ."

"ಮತ್ತೆ ಅವಳ ಹೊಟ್ಟೆಗೆ ಎಲ್ಲಿಂದ ಬಂತು?"

"ಮಯಿಲೆ ತಿಂದಿದ್ದು" ಅಂದರು, ಸಾರಿಗೆ ಉಪ್ಪು ಹಾಕಿದೆ ಅನ್ನುವಷ್ಟು ಸಲೀಸಾಗಿ. ಮಯಿಲೆ ಅವರ ಮನೆಯ ಕಾಂಗೇಯಂ ಹಸು.

ಆಮೇಲೆ ಎಲ್ಲವನ್ನೂ ಹೇಳಿದರು. ಮುಚ್ಚಿಡುವ ವಿಷಯ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಮಡತ್ತುಕುಳಂನ ತವರುಮನೆಯಲ್ಲಿ ಅಪ್ಪ ಕಾಂಗೇಯಂ ಕಡೆಯಿಂದ ಹೊಸ ಎತ್ತು ತಂದರೆ, ಕೆಲವು ಎತ್ತುಗಳು ಈ ನೀರು ಈ ಹುಲ್ಲು ಒಗ್ಗದೆ ಮೆಲುಕು ಬಿಟ್ಟು ನಿಲ್ಲುತ್ತಿದ್ದವಂತೆ. ಆಗ ಅಜ್ಜಿ ಮನೆಯ ಹಳೇ ಹಸುವಿನ ಪಕ್ಕ ಕಾದು ಕೂರುವರು. ಹಸು ಮೆಲುಕಿನ ಉಂಡೆಯನ್ನು ಬಾಯಿಗೆ ತಂದ ಕೂಡಲೇ ದವಡೆ ಒತ್ತಿ, ಕೈ ಹಾಕಿ ಉಂಡೆಯನ್ನು ಕಿತ್ತುಕೊಂಡು, ಬೆಲ್ಲ ಸವರಿ ಹೊಸ ಎತ್ತಿನ ಗಂಟಲಿಗೆ ಇಳಿಸುವರು. ಅದಕ್ಕೆ ಊರು ಸೇರಿಸುವುದು ಅಂತ ಅವರ ಮನೆಯ ಮಾತು. ಮನೆಯ ಹಿರೀ ಹೆಂಗಸಷ್ಟೇ ಮಾಡಬೇಕು.

"ನಂಗೂ ಹಂಗೇ ಸೇರ್ಸಿದ್ದು ಅಮ್ಮಣಿ. ಮದ್ವೆಯಾಗಿ ಬಂದ ದಿನ ಹೊಸ್ಲು ದಾಟೋಕೆ ಮುಂಚೆ ಅತ್ತೆ ಅವ್ರ ಮನೆ ಮೊಸರು ಕಡ್ದ ಮೋರು ಒಂದು ಬೊಗಸೆ ಕುಡ್ಸಿದ್ರು. ಆ ಹೆಪ್ಪು ಅವ್ರ ಅತ್ತೆ ಕಾಲದ್ದು. ಇವತ್ತೂ ನಮ್ ಮನೇಲಿ ಅದೇ ನಡೀತಾ ಅದೆ. ಸೊಟ್ಟಿಗೆ ಯಾರಿದ್ದಾರೆ ಮಾಡೋಕೆ? ಅತ್ತೆಯೂ ನಾನೇ, ತಾಯಿಯೂ ನಾನೇ."

"ಉಂಡೆ ಹೇಗೆ ನುಂಗಿಸಿದ್ರಿ?"

ಮುಖ ತಿರುಗಿಸಿದರು. "ಬನ್ನೊಳ್ಗೆ ಇಟ್ಟು."

ನಗು ಬಂತು, ಕೋಪವೂ ಬಂತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯವಿತ್ತು. ದೊಡ್ಡ ಪಶು ಆಸ್ಪತ್ರೆಗಳಲ್ಲಿ ಆರೋಗ್ಯವಂತ ಹಸುವಿನ ಹೊಟ್ಟೆಯ ದ್ರವವನ್ನು ಕೊಳವೆಯಲ್ಲಿ ತೆಗೆದು ಕಾಯಿಲೆಯ ಹಸುವಿಗೆ ಕೊಡುತ್ತಾರೆ. ಓದಿದ್ದೆ, ಪರೀಕ್ಷೆ ಬರೆದು ಮರೆತಿದ್ದೆ. ಆದರೆ ಆ ಅಧ್ಯಾಯದ ಮೊದಲ ಸಾಲೇ ಕೊಡುವ ಹಸುವನ್ನು ಪರೀಕ್ಷೆ ಮಾಡಿಸಿರಬೇಕು ಅನ್ನುವುದು. ಅದು ನೆನಪಾದದ್ದೇ ಭೂತಗನ್ನಡಿ ಬಿಟ್ಟು ಎದ್ದೆ.

"ಅಕ್ಕಾ, ಒಳ್ಳೇ ಹೆಪ್ಪಿನ ಜೊತೆ ಕೆಟ್ಟದ್ದೂ ಬರುತ್ತೆ. ಮಯಿಲೆಗೆ ಕ್ಷಯ ಇದ್ರೆ? ಹೊರಗೆ ಕಾಣಲ್ಲ, ವರ್ಷಗಟ್ಟಲೆ ಒಳಗೇ ಕೂತಿರುತ್ತೆ. ಅದು ಸೊಟ್ಟಿಗೆ ಬಂದು, ಸೊಟ್ಟಿ ಕಾಡಿಗೆ ಹೋದ್ರೆ ಅಲ್ಲಿರೋ ಜಿಂಕೆ, ಕಡವೆ, ಕಾಟಿ ಎಲ್ಲಕ್ಕೂ ಅಂಟುತ್ತೆ. ಕಾಡಿಗೆಲ್ಲ ಚುಚ್ಚುಮದ್ದು ಹಾಕೋಕಾಗುತ್ತಾ?"

"ಕಾಡಿಗೇವಾ?" ಅಂದರು ರಾಮಾತಾಳಕ್ಕ. ಪೊರಕೆ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ಈ ವಿಷಯ ಗೊತ್ತಿದ್ದದ್ದು ಇಬ್ಬರಿಗೆ. ರಿಜಿಸ್ಟರಿನಲ್ಲಿ ಸೊಟ್ಟಿ ವಾಸಿಯಾದದ್ದು ನನ್ನ ಪೌಡರಿನಿಂದ ಅಂತಲೇ ಇತ್ತು. ಸುಮ್ಮನಿದ್ದರೆ ಎರಡು ದಿನದಲ್ಲಿ ಸೊಟ್ಟಿ ಪಾಸಾಗುತ್ತಾಳೆ, ಅಕ್ಕನ ಮಾತು ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಮಯಿಲೆ ಮೈಕೈ ತುಂಬಿಕೊಂಡ ಹಸು, ಕಾಯಿಲೆ ಇರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹೌದು, ಆಸೆಪಟ್ಟೆ. ಆ ಹತ್ತು ನಿಮಿಷದ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ.

"ರಿಜಿಸ್ಟರ್ ಪುಸ್ತಕದಲ್ಲಿ ಬರದ್ಯಾ?" ಅಂತ ಅಕ್ಕ ಕೇಳಿದರು.

"ಇನ್ನೂ ಇಲ್ಲ."

"ಬರಿ."

"ಬರೆದ್ರೆ ಸೊಟ್ಟಿ ಹೋಗೋದು ಅನುಮಾನ ಅಕ್ಕಾ."

"ಬರೀದೆ ಕಳ್ಸಿದ್ರೆ ಅವ್ಳ ಜೊತೇಲಿ ಏನ್ ಕಳಿಸ್ತಾ ಇದೀವಿ ಅಂತ ನಿಂಗೆ ಗೊತ್ತಾ?"

"ಇಲ್ಲ."

"ಮತ್ತೆ? ನನ್ ಕೂಸು ಬದುಕ್ಲಿ ಅಂತ ಕಾಡಿನ ಕೂಸುಗಳ್ನ ಕೊಲ್ಲೋಕಾಗುತ್ತಾ? ಬರಿ."

ಬರೆದೆ. ಪೌಡರ್ ಫಲಕಾರಿ ಅನ್ನುವ ಸಾಲನ್ನು ಹೊಡೆದು ಹಾಕಿದೆ. ಪ್ರೊಫೆಸರಿಗೂ ನಿಜ ಬರೆದು ಕಳಿಸಿದೆ. ಸೊಟ್ಟಿಯನ್ನು ಆ ಸಂಜೆಯೇ ಬೇರೆ ಆವರಣಕ್ಕೆ ಹಾಕಿದೆವು.

ಜಯಪ್ರಿಯಾ ಬಂದರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೊಂದನ್ನೇ ನೋಡಿ, ಮೂವತ್ತೇಳನ್ನೂ ಒಪ್ಪಿಕೊಂಡರು. ಕೊನೆಗೆ ಸೊಟ್ಟಿಯ ಹತ್ತಿರ ಬಂದು, ಹಿಕ್ಕೆಯನ್ನು ಕೈಯಲ್ಲಿ ಹಿಡಿದು, "ಎಲ್ಲಕ್ಕಿಂತ ಚೆನ್ನಾಗಿರುವುದು ಇವಳದ್ದೇ. ಇವಳನ್ಯಾಕೆ ಬೇರೆ ಇಟ್ಟಿದ್ದೀರಿ?" ಅಂತ ತಮಿಳಿನಲ್ಲಿ ಕೇಳಿದರು. ನಾನು ರಿಜಿಸ್ಟರ್ ತೆರೆಯುವ ಮೊದಲೇ ರಾಮಾತಾಳಕ್ಕ ಮುಂದೆ ಬಂದು ನಿಂತು, ಬನ್ನಿನಿಂದ ಹಿಡಿದು ಮಯಿಲೆಯವರೆಗೆ ಒಂದನ್ನೂ ಬಿಡದೆ ಹೇಳಿದರು. ಪಕ್ಕದಲ್ಲಿದ್ದ ಮ್ಯಾನೇಜರ್ ಶರವಣನ್ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಜಯಪ್ರಿಯಾ ಹಿಕ್ಕೆಯನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. "ನೀವು ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ" ಅಂದರು.

"ಮೊದಲು ಪೌಡರನ್ನು ಬೇಯಿಸಿದೆ, ಗೊತ್ತಿಲ್ಲದೆ. ಬನ್ನಿನಲ್ಲಿ ಉಂಡೆ ಕೊಟ್ಟೆ, ಅದೂ ಗೊತ್ತಿಲ್ಲದೆ. ಎರಡೂ ತಪ್ಪು. ಈಗ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ಅದು ತಪ್ಪಲ್ಲಮ್ಮ, ಪಾಪ" ಅಂದರು ರಾಮಾತಾಳಕ್ಕ.

ತೀರ್ಮಾನ ಹೀಗಾಯಿತು. ಮಯಿಲೆಗೆ ಕ್ಷಯದ ಪರೀಕ್ಷೆ. ಅವಳಿಗೆ ರೋಗವಿದ್ದರೆ ಸೊಟ್ಟಿಗೆ ಯಾವತ್ತೂ ಕಾಡಿಲ್ಲ. ಇಲ್ಲದಿದ್ದರೂ ಸೊಟ್ಟಿ ಮೂರು ತಿಂಗಳು ಬೇರೆ ಇರಬೇಕು, ಮತ್ತೆ ಮತ್ತೆ ಪರೀಕ್ಷೆ ಆಗಬೇಕು. ಉಳಿದವು ಹೋಗುತ್ತವೆ.

"ಒಂಟಿ ಬೇಡ" ಅಂದರು ಅಕ್ಕ. ಕೈ ಮುಗಿದು ಬೇಡಲಿಲ್ಲ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಹೇಳಿದರು. "ಒಂಟಿ ಇಟ್ಟರೆ ನಿಮ್ಮ ಪರೀಕ್ಷೆಯವರೆಗೆ ಅವಳು ಉಳಿಯುವುದಿಲ್ಲ. ಜೊತೆಗೆ ಎರಡನ್ನು ಬಿಡಿ. ಮೂರನ್ನೂ ನಾನು ನೋಡಿಕೊಳ್ಳುತ್ತೇನೆ. ಮೂರೂ ಒಟ್ಟಿಗೆ ಹೋಗಲಿ." ಜಯಪ್ರಿಯಾ ನನ್ನ ಕಡೆ ನೋಡಿದರು. ವೈದ್ಯೆಯಾಗಿ ನಾನು ಹೇಳಬೇಕಾದ ಮಾತೂ ಅದೇ ಆಗಿತ್ತು, ಹೇಳಿದೆ. ಅವರು ಒಪ್ಪಿದರು.

ಮಯಿಲೆಯ ಕುತ್ತಿಗೆಗೆ ಚುಚ್ಚುಮದ್ದು ಹಾಕಲು ಅಕ್ಕನ ಮನೆಗೆ ಹೋದಾಗ ಕುಪ್ಪಸಾಮಿಯವರು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. "ನಮ್ ಮಯಿಲೆ ಮೇಲೆ ಸಂದೇಹವಾ? ಈ ಸುತ್ತಮುತ್ತ ಇಂಥ ಹಸು ಇದ್ರೆ ತೋರ್ಸು ನೋಡೋಣ! ನಿನ್ ಜಿಂಕೆಗೋಸ್ಕರ ನನ್ ಹಸೂನ ಸೂಜಿಗೆ ಕೊಡ್ತೀಯಾ?" ಅಂತ ಹೆಂಡತಿಯ ಮೇಲೆ ಹಾರಾಡಿದರು.

"ಬಾಯಿಗೆ ಕೈ ಹಾಕಿ ಕಿತ್ಕೊಂಡಿದ್ದು ನಾನು. ಉಪ್ಪು ತಿಂದೋರು ನೀರು ಕುಡೀಲೇಬೇಕು. ಪಕ್ಕಕ್ಕೆ ಬನ್ರಿ" ಅಂದರು ಅಕ್ಕ.

ರೋಗವಿದ್ದರೆ ಚುಚ್ಚಿದ ಜಾಗ ಮೂರು ದಿನದೊಳಗೆ ಊದುತ್ತದೆ. ಆ ಮೂರು ದಿನ ಅಕ್ಕ ಕೆಲಸಕ್ಕೆ ಬಂದರು, ಗುಡಿಸಿದರು, ಹುಲ್ಲು ಹಾಕಿದರು, ಎಂದಿನಂತೆ ನನ್ನನ್ನು ಬೈದರು. ಆದರೆ ತೂಕುಪಾತ್ರೆಯನ್ನು ತೆರೆಯಲೇ ಇಲ್ಲ. ಮೂರನೇ ದಿನ ನಾನು ಮಯಿಲೆಯ ಕುತ್ತಿಗೆಯ ಚರ್ಮವನ್ನು ಅಳತೆಯ ಇಕ್ಕಳದಲ್ಲಿ ಹಿಡಿದು ಒಮ್ಮೆ ಅಳೆದೆ, ನಂಬದೆ ಇನ್ನೊಮ್ಮೆ ಅಳೆದೆ. ಊತವಿರಲಿಲ್ಲ.

"ಇಲ್ಲ ಅಕ್ಕಾ. ಚೆನ್ನಾಗಿದ್ದಾಳೆ."

ಕುಪ್ಪಸಾಮಿಯವರು "ನಾ ಹೇಳ್ಲಿಲ್ವಾ?" ಅಂತ ಮೀಸೆ ತಿರುವಿದರು. ರಾಮಾತಾಳಕ್ಕ ಮಯಿಲೆಯ ಕೊರಳಿಗೆ ಮುಖವಿಟ್ಟು ಜೋರಾಗಿ ಅತ್ತರು. ಅತ್ತು ಮುಗಿಸಿ, ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆ ತಂದರು, ಅತ್ತೆಯ ಅತ್ತೆಯ ಕಾಲದ ಹೆಪ್ಪಿನದು.

ನವೆಂಬರ್ ಮಧ್ಯದಲ್ಲಿ ಮೂವತ್ತೈದು ಜಿಂಕೆಗಳು ಹೋದವು. ಉದ್ಯಾನದ ಗೇಟಿಗೆ ಬೀಗ ಬಿತ್ತು. ಒಳಗೆ ಸೊಟ್ಟಿ, ಅವಳ ಜೊತೆಗೆ ಎರಡು ಹೆಣ್ಣು, ನಾನು ಮತ್ತು ಅಕ್ಕ. ಆಗ ಅಕ್ಕ ತಾವೇ ಕಲಿಸಿದ ರೂಢಿಗಳನ್ನೆಲ್ಲ ಒಂದೊಂದಾಗಿ ಬಿಡಿಸತೊಡಗಿದರು. ಬನ್ ನಿಂತಿತು. ಟಕ್ ಟಕ್ ನಿಂತಿತು. ಆವರಣದೊಳಗೆ ಹೋಗುವುದನ್ನೇ ಬಿಟ್ಟರು. ಹುಲ್ಲನ್ನು ಬೇಲಿಯ ಮೇಲಿಂದ ಎಸೆದು, ಮರದ ಮರೆಗೆ ಹೋಗಿ ಕೂರುವರು. ಸೊಟ್ಟಿ ಬೇಲಿಗೆ ಮೂತಿ ಒತ್ತಿ, ಸೊಟ್ಟ ಕಿವಿ ಆಡಿಸುತ್ತ ಗಂಟೆಗಟ್ಟಲೆ ಕಾಯುವಳು.

"ಪಾಪ ಅಕ್ಕಾ, ಒಂದು ಸಲ ಕರೀರಿ" ಅಂತ ನಾನೇ ಅಂದೆ.

"ಅವ್ಳಿಗೆ ಇನ್ಮೇಲೆ ಹುಲ್ಲು ಬೇಕು, ನಾನು ಬೇಡ. ಮನುಷ್ಯರ ಸದ್ದಿಗೆ ಓಡಿ ಬರೋ ಜಿಂಕೆ ಕಾಡಲ್ಲಿ ಎಷ್ಟು ದಿನ ಇರುತ್ತೆ?" ಅಂದರು. ಕಣ್ಣಲ್ಲಿ ನೀರು ತುಂಬಿಕೊಂಡೇ ಅಂದರು. ಜನವರಿಯ ಹೊತ್ತಿಗೆ ಸೊಟ್ಟಿ ಬೇಲಿ ಬಿಟ್ಟು, ಗೆಳತಿಯರ ಜೊತೆ ದೂರದ ಮೂಲೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದಳು. ಎಲ್ಲ ಪರೀಕ್ಷೆಗಳೂ ಶುದ್ಧವಾಗಿ ಬಂದವು. ಅವಳನ್ನು ಉಳಿಸಿದ್ದು ಪೌಡರೋ ಮಯಿಲೆಯೋ ಅಂತ ಪ್ರೊಫೆಸರು ಕೇಳಿದರು. ಒಂದು ಜಿಂಕೆಯನ್ನು ನೋಡಿ ಹೇಳಲಾಗದು ಅಂತ ಬರೆದೆ. ಹಾಗೆ ಬರೆಯಲು ನನಗೇನೂ ಅವಮಾನವೆನ್ನಿಸಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ ಬೆಟ್ಟದ ಬುಡದಲ್ಲಿ ಲಾರಿ ನಿಂತಿತು. ತೇಗದ ಮರಗಳು ಎಲೆ ಉದುರಿಸಿ, ನೆಲವೆಲ್ಲ ಒಣ ತರಗೆಲೆ. ಸ್ವಲ್ಪ ದೂರದಲ್ಲಿ ಹಳ್ಳ ಹರಿಯುತ್ತಿತ್ತು. ಜಯಪ್ರಿಯಾ ನಮ್ಮನ್ನು ಲಾರಿಯ ಹಿಂದೆ ಸರಿದು ನಿಲ್ಲಲು ಹೇಳಿದರು. ಪೆಟ್ಟಿಗೆಯ ಬಾಗಿಲು ಎತ್ತಿದರು. ಗೆಳತಿಯರಿಬ್ಬರೂ ಚಂಗನೆ ನೆಗೆದು ಮರಗಳ ನಡುವೆ ಮಾಯವಾದರು. ಸೊಟ್ಟಿ ಇಳಿದಳು. ಹತ್ತು ಹೆಜ್ಜೆ ಹೋದಳು. ನಿಂತಳು. ತಿರುಗಿ ಲಾರಿಯ ಕಡೆ ನೋಡಿದಳು.

ನಾನು ಅಕ್ಕನ ಕಡೆ ನೋಡಿದೆ. ರಾಮಾತಾಳಕ್ಕ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿ ಹಿಡಿದಿದ್ದರು. ನಾಲಿಗೆ ತಾನಾಗಿಯೇ ಟಕ್ ಅಂದುಬಿಟ್ಟೀತು ಅನ್ನುವ ಭಯಕ್ಕೆ. ಕಣ್ಣನ್ನು ಗಟ್ಟಿಯಾಗಿ ಮುಚ್ಚಿದ್ದರು. ನಾನೂ ಮುಚ್ಚಿಕೊಂಡೆ.

ಒಂದು ಗಳಿಗೆ ಹಳ್ಳದ ನೀರಿನ ಸದ್ದು ಮಾತ್ರ. ಆಮೇಲೆ ಒಣ ತೇಗದೆಲೆಯ ಮೇಲೆ ಕೇಳಿತು: ಪಟ, ಪಟಪಟ, ಪಟಪಟಪಟ. ಮೊರಕ್ಕೆ ಹುರುಳಿ ಸುರಿದ ಹಾಗೆ. ಅದರ ಹಿಂದೆಯೇ ಗೊರಸಿನ ಸದ್ದು, ದೂರ ದೂರ ಹೋಗುತ್ತ.

ಅಕ್ಕ ಬಾಯಿಂದ ಸೆರಗು ತೆಗೆದರು.

"ಕೇಳ್ತಾ ಅಮ್ಮಣಿ?"

"ಕೇಳ್ತು ಅಕ್ಕಾ."

"ಊರು ಸೇರಿದ್ಲು, ಬುಡು" ಅಂದರು, ಲಾರಿ ಹತ್ತಿ ಕೂತು, ನಾಲ್ಕು ದಿನ ಉಪವಾಸವಿದ್ದವರ ಹಾಗೆ ತೂಕುಪಾತ್ರೆಯ ಮುಚ್ಚಳ ತೆಗೆದರು.